ಹೆಜ್ಜೆಯಡಿಯ ಮಣ್ಣು

ಕೂಸುಗಳನ್ನು ಬಿಡುವ ಕೋಣೆ ಹೇಗಿದೆ ಎಂದು ನೋಡಿ ಅಂಕ ಹಾಕುವುದು ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ. ಇಂತಿಷ್ಟು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಮಕ್ಕಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ, ಹಾಲು, ಶುದ್ಧ ನೀರು ಇರಬೇಕೆಂದು ಕಾನೂನು. ಇವೆಲ್ಲ ಇವೆಯೇ, ಇದ್ದರೆ ಅಲ್ಲಿ ಮಕ್ಕಳಿಗೆ ಅಪಾಯವಿಲ್ಲವೇ ಎಂದು ನೋಡಿಬರಲು ಇಲಾಖೆಯವರು ನನ್ನನ್ನು ಕಳಿಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನಲ್ಲಿ ಸಂಕ್ರಾಂತಿ ಕಳೆದರೆ ಹತ್ತಿ ಜಿನ್ನುಗಳು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಓಡುತ್ತಿದ್ದವು. ರಸ್ತೆ ಬದಿಯ ಜಾಲಿಗಿಡಗಳ ಮೇಲೆಲ್ಲ ಅರಳೆ ಹತ್ತಿಕೊಂಡಿರುತ್ತಿತ್ತು.

ನಾನು ಹೋದ ಜಿನ್ನು ಊರಿನ ಹೊರಗಿತ್ತು. ಒಳಗೆ ಹೆಂಗಸರು ಸಾಲಾಗಿ ಕುಳಿತು ಯಂತ್ರದ ಬಾಯಿಗೆ ಹತ್ತಿ ಒಡ್ಡುವರು. ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುವುದು. ಗೋಡೆಯುದ್ದಕ್ಕೂ ಒಂದು ದೊಡ್ಡ ಕಬ್ಬಿಣದ ಶಾಫ್ಟು, ಅದರಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಚರ್ಮದ ಪಟ್ಟಾ. ಆ ಪಟ್ಟಾಗಳು ತಿರುಗುವ ಸಪ್ಪಳದಲ್ಲಿ ಪಕ್ಕದವರ ಮಾತೂ ಕೇಳಿಸದು. ಅಂಗಳದ ಆಚೆ ಮೂಲೆಯಲ್ಲಿ ಮಕ್ಕಳ ಕೋಣೆ. ಬಾಗಿಲ ಮೇಲಿನ ಫಲಕದಲ್ಲಿ ‘ಶಿಶುಪಾಲನಾ ಕೇಂದ್ರ’ ಎಂದಿದ್ದರೂ ಎಲ್ಲರ ಬಾಯಲ್ಲಿ ಅದು ಕೂಸಿನ ಖೋಲಿ.

ನಾನು ಬರುವ ಸುದ್ದಿ ಮುಂಚೆಯೇ ಮುಟ್ಟಿತ್ತು. ಗೋಡೆಗೆ ಸುಣ್ಣ ಹೊಡೆದು ಇನ್ನೂ ವಾಸನೆ ಹೋಗಿರಲಿಲ್ಲ. ಹೊಸ ಚಾಪೆ, ಹೊಸ ಸ್ಟೀಲಿನ ಲೋಟಗಳು, ಮೂಲೆಯ ಕಟ್ಟೆಯ ಮೇಲೆ ನಲ್ಲಿ ಕೂಡಿಸಿದ ಬಿಳಿ ಬಣ್ಣದ ಡ್ರಮ್ಮು. ಮ್ಯಾನೇಜರು ನನ್ನ ಹಿಂದೆಯೇ ಇದ್ದರು. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲು, ಯಾರನ್ನೂ ಬೈಯದ ಮನುಷ್ಯ.

“ಮೊದಲು ಗಡಿಗಿಯೊಳಗ ನೀರಿಡ್ತಿದ್ವಿ ಮೇಡಮ್ಮಾರ, ಹುಡುಗ್ರು ಕೈ ಅದ್ದತಿದ್ವು. ನೀವು ಬರ್ತೀರಂತ ಇದನ್ನ ತರಿಸೀನಿ ನೋಡ್ರಿ” ಎಂದರು.

ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ತಣ್ಣನೆಯ ತಿಳಿನೀರು. ಮೂಸಿದೆ. ವಾಸನೆ ಇರಲಿಲ್ಲ. ನೀರಿಗೆ ಪೂರ್ಣ ಅಂಕ ಕೊಟ್ಟೆ. ಕುದಿಸಿದ ನೀರನ್ನೇ ಹಾಕಬೇಕು ಎಂದು ಆಯಾಗೆ ಹೇಳಿದಾಗ ಅವಳು, “ಕುದಿಸೇ ಹಾಕ್ತೀನ್ರಿ, ಇವತ್ತ ಬಣ್ಣ ಹಸಿ ಅದ ಅಂತ ಬಿಸಿನೀರು ಹಾಕಿಲ್ಲ” ಎಂದಳು. ಕಿಟಕಿ ಅಳೆದೆ, ಕೋಣೆ ಅಳೆದೆ, ಹಾಲಿನ ಪುಡಿಯ ಡಬ್ಬಿ ತೆರೆಸಿದೆ. ಬೆಂಕಿ ಆರಿಸುವ ಮರಳಿನ ಬಕೆಟ್ಟಿನಲ್ಲಿ ಮರಳಿಗಿಂತ ಬೀಡಿ ತುಂಡು ಹೆಚ್ಚಿದ್ದವು. ಅದನ್ನು ಸರಿಮಾಡಿಸಿ, ಬರುವ ವಾರ ನೋಡುತ್ತೇನೆ ಎಂದೆ.

ಆಮೇಲೆ ಕೂಸುಗಳ ತೂಕ. ಜಂತಿಗೆ ಸ್ಪ್ರಿಂಗಿನ ತಕ್ಕಡಿ ತೂಗುಹಾಕಿ, ಬಟ್ಟೆಯ ಜೋಳಿಗೆಯಲ್ಲಿ ಒಂದೊಂದಾಗಿ ಕೂರಿಸಬೇಕು. ತಾಯಂದಿರಿಗೆ ಇದು ಅಷ್ಟು ಇಷ್ಟವಿರಲಿಲ್ಲ. ಹತ್ತಿ ತೂಗಿದ ಹಾಗೆ ಮಕ್ಕಳನ್ನು ತೂಗುತ್ತಾರೆ ಎಂದು ಒಬ್ಬಳು ಗೊಣಗಿದ್ದು ಕೇಳಿಸಿತು. ಎಲ್ಲ ಮಕ್ಕಳೂ ತೂಕಕ್ಕೆ ಕಡಿಮೆ. ಕೊನೆಗೆ ಅಂಬೆಗಾಲಿಡುವ ಒಂದು ಹೆಣ್ಣುಕೂಸು ಬಂತು. ಕೈಕಾಲು ತುಂಬಿಕೊಂಡು, ಜೋಳಿಗೆಯಲ್ಲಿ ಕುಳಿತು ನನ್ನ ಮೂಗುತಿಗೆ ಕೈಹಾಕಿ ನಕ್ಕಿತು. ಮುಳ್ಳು ಪ್ರಮಾಣದ ಗೆರೆ ದಾಟಿತು. ಬೆಳಗಿನಿಂದ ಒಂದೂ ಸರಿಯಾದ ತೂಕ ಕಂಡಿರದ ನನಗೆ ಖುಷಿ ತಡೆಯಲಾಗಲಿಲ್ಲ. ಕೂಸನ್ನು ಎತ್ತಿಕೊಂಡು ಎಲ್ಲರೆದುರು ಹೇಳಿದೆ: “ಎಂಥಾ ದುಂಡಾದ ಕೂಸು. ಈ ಖೋಲಿಯೊಳಗ ಇದರಂಥಾದ್ದು ಇನ್ನೊಂದಿಲ್ಲ.”

ಆಯಾ ನನ್ನ ಕೈಯಿಂದ ಕೂಸನ್ನು ಲಗುಬಗೆಯಿಂದ ತೆಗೆದುಕೊಂಡಳು. ಅದರ ಮುಖದ ಮುಂದೆ ಕೈ ಸುಳಿದು, ತನ್ನ ಕಣತಲೆಗೆ ಒತ್ತಿ ಬೆರಳು ಲಟಲಟ ಮುರಿದಳು. ನನಗೆ ಅರ್ಥವಾಗದೆ ಇರಲಿಲ್ಲ. ನಾನೂ ಇದೇ ಸೀಮೆಯವಳು. ಆದರೆ ಆ ಹೊತ್ತಿನಲ್ಲಿ ನಾನು ಅಧಿಕಾರಿ, ಹಾಗಾಗಿ ನಕ್ಕುಬಿಟ್ಟೆ.

ಚಹಾ ಕುಡಿಯುವಾಗ ಆಯಾ ಕೇಳಿದಳು, “ನಿಮಗ ಮಕ್ಕಳೆಷ್ಟ್ರಿ ಅಕ್ಕಾರ?”

“ಇಲ್ಲ.”

“ಮದಿವಿ ಆಗಿ?”

“ಭಾಳ ದಿನಾ ಆತು.”

ಊಟದ ಬಿಡುವು ಮುಗಿಯುವಷ್ಟರಲ್ಲಿ ಆ ಸುದ್ದಿ ಜಿನ್ನಿನ ಎಲ್ಲ ಸಾಲುಗಳನ್ನೂ ದಾಟಿ ಗೇಟಿನ ಕಾವಲುಗಾರನವರೆಗೆ ಹೋಗಿರಬೇಕು.

ಮರುವಾರ ಬಕೆಟ್ಟಿನ ಮರಳು ನೋಡಲು ಹೋದರೆ ಖೋಲಿ ಖಾಲಿ. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದರು. ಆಯಾ ಒಬ್ಬಳೇ ಹೊಸ್ತಿಲ ಮೇಲೆ ಕುಳಿತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು, ಆದರೆ ಕಣ್ಣು ನೆಲದ ಮೇಲೆ.

“ಮಕ್ಕಳು ಎಲ್ಲಿ?”

“ಅವ್ವಂದಿರ ಹತ್ರ ಅವ್ರಿ. ಜಿನ್ನಿನೊಳಗ.”

ಕೇಳಿ ಕೇಳಿ ಒಂದೊಂದೇ ಮಾತು ಹೊರಡಿಸಬೇಕಾಯಿತು. ನಾನು ಹೋದ ಮರುದಿನವೇ ಆ ದುಂಡನೆಯ ಕೂಸು ವಾಂತಿ ಮಾಡಿತ್ತು. ಬಾಯಿಂದ ಜೊಲ್ಲು ಸುರಿದು, ಬೆವತು, ಕೈಕಾಲು ಬಿಟ್ಟು ಬಿದ್ದಿತ್ತು. ದೊಡ್ಡ ದವಾಖಾನೆಗೆ ಒಯ್ದರು, ಉಳಿಯಿತು. ಅದರ ಮರುದಿನ ಇನ್ನೆರಡು ಕೂಸುಗಳಿಗೆ ಹಾಗೇ ಆಯಿತು. ತಾಯಂದಿರು ಅಂದೇ ಮಕ್ಕಳನ್ನು ಎತ್ತಿಕೊಂಡು ಹೋದರು. ಖೋಲಿ ಬಿಟ್ಟ ಮೇಲೆ ಎಲ್ಲವೂ ಚೇತರಿಸಿಕೊಂಡಿದ್ದವು.

“ಏನಂತಾರ ಮಂದಿ?” ಎಂದೆ.

“ಏನಿಲ್ರಿ.”

“ಹೇಳು.”

“ದಿಟ್ಟಿ ಆಗ್ಯಾದ ಅಂತಾರ್ರಿ.” ಯಾರದು ಎಂದು ನಾನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಜಿನ್ನಿನ ಒಳಗೆ ಹೋಗಿ ನೋಡಿದೆ. ಕಾಳಿನ ರಾಶಿಯ ಪಕ್ಕ, ಅರಳೆಯ ಗುಡ್ಡೆಯ ಮೇಲೆ, ತಾಯಂದಿರ ಬೆನ್ನ ಹಿಂದೆ ಕೂಸುಗಳು ಬಿದ್ದಿದ್ದವು. ಅವುಗಳ ರೆಪ್ಪೆಯ ಮೇಲೂ ಹತ್ತಿಯ ಧೂಳು. ದುಂಡನೆಯ ಕೂಸು ಕೊಂಚ ಇಳಿದಿತ್ತು, ಆದರೂ ಒಂದೆಡೆ ನಿಲ್ಲುತ್ತಿರಲಿಲ್ಲ. ನಾನು ನೋಡುತ್ತಿದ್ದ ಹಾಗೆ ಅದು ತಿರುಗುವ ಪಟ್ಟಾದ ಕಡೆ ಹರಿದು ಹೊರಟಿತು. ಪಕ್ಕದ ಹೆಂಗಸು ಒಂದು ಕೈಯಲ್ಲಿ ಹತ್ತಿ ಒಡ್ಡುತ್ತಲೇ ಇನ್ನೊಂದು ಕೈಯಿಂದ ಅದರ ಕಾಲು ಹಿಡಿದು ಹಿಂದಕ್ಕೆ ಎಳೆದಳು. ದಿನಕ್ಕೆ ಎಷ್ಟು ಸಲ ಹಾಗೆ ಎಳೆಯುತ್ತಿದ್ದಳೋ. ಒಮ್ಮೆ ಅವಳ ಕೈ ತಪ್ಪಿದರೆ ಮುಗಿಯಿತು. ಅಷ್ಟರಲ್ಲಿ ಕೂಸಿನ ತಾಯಿ ನನ್ನನ್ನು ನೋಡಿ, ಸೆರಗು ತೆಗೆದು ಕೂಸಿನ ಮುಖ ಮುಚ್ಚಿದಳು.

ನಾನು ಹೊರಗೆ ಬಂದೆ. ಗೇಟಿನವರೆಗೆ ಹೋದ ಮೇಲೆ ಕೊಡೆ ಖೋಲಿಯಲ್ಲೇ ಮರೆತದ್ದು ನೆನಪಾಗಿ ತಿರುಗಿದೆ. ಆ ತಾಯಿ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಈಗಷ್ಟೇ ನಾನು ನಡೆದುಬಂದ ದಾರಿಯಲ್ಲಿ ನನ್ನ ಚಪ್ಪಲಿಯ ಗುರುತಿನ ಮಣ್ಣನ್ನು ಬೆರಳಿನಿಂದ ಕೆರೆದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ದೃಷ್ಟಿ ಹಾಕಿದವರ ಹೆಜ್ಜೆಯಡಿಯ ಮಣ್ಣನ್ನು ಅವರಿಗೆ ತಿಳಿಯದ ಹಾಗೆ ತಂದು, ಉಪ್ಪು ಮೆಣಸಿನಕಾಯಿಯ ಜೊತೆ ಕೂಸಿಗೆ ಇಳಿಸಿ ಬೆಂಕಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಂದಿನಲ್ಲಿ ನಾನೇ ನಮ್ಮವ್ವನಿಗೆ ಅಂಥ ಮಣ್ಣು ತಂದುಕೊಟ್ಟಿದ್ದೆ. ಯಾರದೋ ಮಣ್ಣು. ಇವತ್ತು ನನ್ನದು. ಅವಳು ತಲೆ ಎತ್ತಿದಳು. ನಾನು ಕೊಡೆ ಬಿಟ್ಟು ಬಿಸಿಲಲ್ಲೇ ಹೊರಟುಹೋದೆ. ಮುಖ ಸುಡುತ್ತಿದ್ದದ್ದು ಬಿಸಿಲಿಗೆ ಮಾತ್ರ ಅಲ್ಲ.

ನಾಚಿಕೆಯನ್ನು ಸಿಟ್ಟಾಗಿ ತಿರುಗಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ಇದರ ಮೂಲ ಹುಡುಕಿ ಇವರ ಬಾಯಿ ಮುಚ್ಚಿಸುತ್ತೇನೆ ಎಂದು ನೇರ ದವಾಖಾನೆಗೆ ಹೋದೆ. ಕೂಸನ್ನು ನೋಡಿದ ವೈದ್ಯರು ಸಿಕ್ಕರು. ಬರೀ ಹೊಟ್ಟೆ ಕೆಟ್ಟದ್ದಲ್ಲ, ಕಣ್ಣಿನ ಪಾಪೆ ಸಣ್ಣಗಾಗಿದ್ದವು, ಏನೋ ವಿಷ ಒಳಗೆ ಹೋದಂತಿತ್ತು ಎಂದರು. ಎಲ್ಲಿಂದ ಎಂದರೆ ಅವರಿಗೂ ತಿಳಿಯದು. ಹೊಲಕ್ಕೆ ಔಷಧ ಹೊಡೆದು ಬಂದವರ ಬಟ್ಟೆಯಿಂದ ಹಿಡಿದು ಏನು ಬೇಕಾದರೂ ಆಗಿರಬಹುದು.

ಮೂರೂ ಕೂಸುಗಳಿಗೆ ಒಂದೇ ಕೋಣೆಯಲ್ಲಿದ್ದಾಗ ಆಗಿದೆ. ಬಿಟ್ಟ ಮೇಲೆ ಗುಣವಾಗಿದೆ. ಅಂದಮೇಲೆ ವಿಷ ಕೋಣೆಯಲ್ಲೇ ಇದೆ. ಮರುದಿನ ಬೆಳಿಗ್ಗೆ ಆಯಾ ಬರುವ ಮೊದಲೇ ಅಲ್ಲಿ ಹೋಗಿ ಕುಳಿತೆ. ಮಕ್ಕಳು ಬಂದಿದ್ದರೆ ಏನೇನು ಮಾಡುತ್ತಿದ್ದೆಯೋ ಎಲ್ಲವನ್ನೂ ಅದೇ ಕ್ರಮದಲ್ಲಿ ಮಾಡು ಎಂದೆ. ಅವಳಿಗೆ ಇದು ತಮಾಷೆಯೆನಿಸಿರಬೇಕು, ಖಾಲಿ ಚಾಪೆಯ ಮೇಲೆ ಇಲ್ಲದ ಮಕ್ಕಳನ್ನು ಸರಿಸಿ ಕಸ ಗುಡಿಸಿದಳು.

ನಡುನಡುವೆ ಕೇಳುತ್ತ ಹೋದೆ. ಎದೆಹಾಲು ಮಾತ್ರ ಕುಡಿಯುವ ಕೂಸುಗಳಿಗೆ ಏನೂ ಆಗಿರಲಿಲ್ಲ. ರೊಟ್ಟಿ ತಿನ್ನುವ ದೊಡ್ಡ ಮಕ್ಕಳಿಗೂ ಆಗಿರಲಿಲ್ಲ. ಕಾಯಿಲೆ ಬಿದ್ದ ಮೂರೂ ಪುಡಿಹಾಲು ಕುಡಿಯುವಂಥವು. ಪುಡಿಯ ಡಬ್ಬಿ ಹೊಸದು, ವಾಸನೆ ಚೆನ್ನಾಗಿತ್ತು. ಆಯಾ ಕಲಸಿಕೊಟ್ಟ ಒಂದು ಲೋಟ ಹಾಲನ್ನು ನಾನೇ ನೆಕ್ಕಿ ನೋಡಲು ಹೋದೆ.

“ಯಾವ ನೀರಾಗ ಕಲಸ್ತಿದ್ದಿ?” ಎಂದೆ.

“ಡ್ರಮ್ಮಿನ ನೀರಾಗ್ರಿ. ಕುದಿಸಿ ಹಂಗಽ ಸುರುವಿಬಿಡ್ತೀನಿ. ಬಿಸಿ ಇರ್ತಾವಲ್ರಿ, ಪುಡಿ ಲಗೂನ ಕರಗ್ತದ.”

“ದೊಡ್ಡ ಹುಡುಗ್ರಿಗೆ?”

“ಅವು ಬಿಸಿನೀರು ಒಲ್ಲೆ ಅಂತಾವ್ರಿ. ಹೊರಗಿನ ಗಡಿಗಿ ನೀರು ಕುಡೀತಾವ.”

ಲೋಟ ಕೆಳಗಿಟ್ಟೆ. ಡ್ರಮ್ಮು ಬರಿದು ಮಾಡಿಸಿ, ಅವಳು ದಿನವೂ ಮಾಡುವ ಹಾಗೆ ಕುದಿಯುವ ನೀರು ಸುರಿಯಲು ಹೇಳಿದೆ. ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆದೆವು. ಹಬೆಯೊಂದಿಗೆ ಕಟುವಾದ ವಾಸನೆ ಬಂತು. ಔಷಧ ಹೊಡೆದ ದಿನ ಹತ್ತಿ ಹೊಲದ ಬದುವಿನಲ್ಲಿ ನಡೆದವರಿಗೆಲ್ಲ ಗೊತ್ತಿರುವ ವಾಸನೆ. ನಾನು ಬಂದ ದಿನ ನೀರು ತಣ್ಣಗಿತ್ತು, ಮೂಗಿಗೆ ಏನೂ ಬಡಿದಿರಲಿಲ್ಲ. ಡ್ರಮ್ಮು ಬೋರಲು ಹಾಕಿಸಿ ತಳದ ಹೊರಮೈಯನ್ನು ಚಮಚದಿಂದ ಕೆರೆದೆ. ಬಿಳಿ ಬಣ್ಣದ ಕೆಳಗೆ ಹಳದಿ, ಹಳದಿಯ ಮೇಲೆ ತಲೆಬುರುಡೆಯ ಗುರುತಿನ ಅರ್ಧ.

ಮ್ಯಾನೇಜರನ್ನು ಕರೆಸಿ ತೋರಿಸಿದಾಗ ಅವರ ಮುಖ ಬಿಳಿಚಿತು. ಮಾನ್ವಿಯಲ್ಲಿ ತಮ್ಮ ಬೀಗರದು ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇದೆ, ಅಲ್ಲಿಂದ ತರಿಸಿದ್ದು ಎಂದರು. “ಸೋಡಾ ಹಾಕಿ ತಿಕ್ಕಿಸೀನ್ರಿ ಮೇಡಮ್ಮಾರ. ನಮ್ಮ ಮನ್ಯಾಗೂ ಅಂಥಾದ್ದೇ ಅದ, ಜ್ವಾಳ ತುಂಬೀವಿ.” ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅಂದೇ ಬಸ್ಸು ಹತ್ತಿ ಮಾನ್ವಿಗೆ ಹೋಗಿ ನೋಡಿದೆ. ಅಂಗಡಿಯ ಹಿತ್ತಲಲ್ಲಿ ಹಳದಿ ಡಬ್ಬಿಗಳು ಬೋರಲು ಬಿದ್ದಿದ್ದವು. ಒಬ್ಬಾಕೆ ಒಂದನ್ನು ಆರಿಸಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಏನಕ್ಕೆ ಎಂದರೆ ನೀರಿಗೆ ಎಂದಳು. ಅವಳಿಂದ ಅದನ್ನು ಕಿತ್ತುಕೊಂಡದ್ದಕ್ಕೆ ಅಂಗಡಿಯವರು, “ಎಲ್ಲಾರೂ ಒಯ್ತಾರ್ರಿ, ನಾವೇನು ಕುಡೀರಿ ಅಂದೀವೇನು?” ಎಂದು ನನ್ನನ್ನೇ ಕೇಳಿದರು. ಡಬ್ಬಿಗಳನ್ನೆಲ್ಲ ತೂತು ಮಾಡಿಸಿ ಬಿಡಬೇಕೆಂದು ಅವರಿಂದ ಮಾತು ತೆಗೆದುಕೊಂಡು ಬಂದೆ. ಮಾತು ನಡೆಯಿತೋ ಇಲ್ಲವೋ ದೇವರೇ ಬಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಗೆದ್ದೆ ಎಂಬ ಹುರುಪಿತ್ತು. ನಾಳೆ ಎಲ್ಲರೆದುರು ಆ ತಳದ ಗುರುತು ತೋರಿಸಿದರೆ ಮುಗಿಯಿತು ಎಂದುಕೊಂಡೆ.

ಊಟದ ಬಿಡುವಿನಲ್ಲಿ ಹೆಂಗಸರನ್ನೆಲ್ಲ ಬೇವಿನ ಗಿಡದ ಕೆಳಗೆ ಕೂಡಿಸಿ ಡ್ರಮ್ಮು ಬೋರಲು ಹಾಕಿ ತೋರಿಸಿದೆ. ಹೇಗೆ ವಿಷ ನೀರಿಗೆ ಇಳಿಯಿತು, ಹೇಗೆ ಹಾಲಿಗೆ ಹೋಯಿತು, ಎಲ್ಲ ಹೇಳಿದೆ. ಹೊಸ ತಾಮ್ರದ ಹಂಡೆ ಬಂದಿದೆ, ಇನ್ನು ಭಯವಿಲ್ಲ ಎಂದೆ. ಅವರು ರೊಟ್ಟಿ ಮುರಿಯುತ್ತ ಮರ್ಯಾದೆಯಿಂದ ಕೇಳಿದರು. ಆಮೇಲೆ ಆ ದುಂಡನೆಯ ಕೂಸಿನ ತಾಯಿ ಬಾಯಿಬಿಟ್ಟಳು.

“ಡ್ರಮ್ಮು ಯಾವಾಗ ಬಂತ್ರಿ ಅಕ್ಕಾರ?”

“ನಾ ಬರೋ ಹಿಂದಿನ ದಿನ.”

“ಯಾಕ ಬಂತ್ರಿ?”

ನಾನು ಡ್ರಮ್ಮಿನ ಕಡೆ ನೋಡಿದೆ. ಅವಳೇ ಹೇಳಿದಳು:

“ನಿಮ್ಮ ಸಲುವಾಗಿನ ಬಂತಲ್ರಿ. ಗಡಿಗಿ ನೀರು ಕುಡಕೊಂಡು ಆರಾಮ ಇದ್ವು ನಮ್ಮ ಹುಡುಗ್ರು. ನೀವು ಬಂದ್ರಿ, ಡ್ರಮ್ಮು ಬಂತು, ನೀವು ಕೂಸಿನ್ನ ತೂಗಿದ್ರಿ, ಚಂದ ಅದ ಅಂದ್ರಿ, ಮರುದಿನ ಬಿತ್ತು. ನಾ ನಿಮ್ಮನ್ನ ಬೈಯಾಕತ್ತಿಲ್ರಿ. ಕಣ್ಣು ಯಾರ ಕೈಯಾಗೂ ಇರಂಗಿಲ್ಲ. ಆದ್ರ ಆ ಖೋಲಿಗೆ ನಾವು ಕೂಸು ಹಾಕಂಗಿಲ್ಲ.”

ಉಳಿದವರು ತಲೆ ತಗ್ಗಿಸಿದರು. ನನ್ನ ಪರವಾಗಿ ನಾಚಿಕೊಂಡರು ಎಂದೇ ಹೇಳಬೇಕು. ಪರಿಶೀಲನೆ ಎಂಬುದು ಇಲ್ಲದಿದ್ದರೆ ಆ ಡ್ರಮ್ಮು ಮಾನ್ವಿಯ ಹಿತ್ತಲಲ್ಲೇ ಇರುತ್ತಿತ್ತು.

ಮ್ಯಾನೇಜರು ಇನ್ನೆರಡು ದಿನ ನೋಡಿದರು. ಮಕ್ಕಳು ಬರದಿದ್ದರೆ ಖೋಲಿಯಲ್ಲಿ ಕಾಳಿನ ಚೀಲ ಒಟ್ಟಿಸುತ್ತೇನೆ, ಮಾಲು ಹೊರಗೆ ಬಿದ್ದಿದೆ ಎಂದರು. ಫಲಕ ಹಾಗೇ ಇರಲಿ ಎಂದೂ ಸೇರಿಸಿದರು. ನನ್ನ ಮೇಲಧಿಕಾರಿಗೆ ಹೇಳಿದರೆ ಅವರು ತಲೆ ಎತ್ತಲೂ ಇಲ್ಲ. ಕೋಣೆ ಇದೆ, ಆಯಾ ಇದ್ದಾಳೆ, ನೀರಿನ ದೋಷ ಸರಿಹೋಗಿದೆ, ತಾಯಂದಿರೇ ಕಳಿಸದಿದ್ದರೆ ಇಲಾಖೆ ಏನು ಮಾಡೀತು, ಮುಂದಿನ ಕಾರ್ಖಾನೆ ನೋಡಿ ಎಂದರು. ಕಾಗದದ ಮಟ್ಟಿಗೆ ಅವರು ಹೇಳಿದ್ದು ಸರಿ. ನನ್ನ ಕಣ್ಣ ಮುಂದೆ ಮಾತ್ರ ಪಟ್ಟಾದ ಕಡೆ ಹರಿಯುವ ಕೂಸು, ಅದರ ಕಾಲಿಗೆ ಚಾಚುವ ಒಂದು ಕೈ.

ಭಾನುವಾರ ದೇವದುರ್ಗಕ್ಕೆ ಹೋದೆ. ನನ್ನ ಯಜಮಾನರು ಅಲ್ಲಿ ಶಾಲೆಯ ಮಾಸ್ತರು, ಅತ್ತೆಯವರೂ ಅಲ್ಲೇ. ನಾನು ವಾರಕ್ಕೊಮ್ಮೆ ಹೋಗಿಬರುತ್ತಿದ್ದೆ. ಅಂದು ಪಕ್ಕದ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಅತ್ತೆಯವರು ಹೊಸ ಸೀರೆ ಉಟ್ಟು ಹೊರಟವರು ಬಾಗಿಲಲ್ಲಿ ನಿಂತು, “ನೀ ಇಲ್ಲೇ ಇರು ಯವ್ವಾ, ಮ್ಯಾಲಿನ ಅಡಗಿ ನೋಡಕೋ. ಸುಮ್ಮನ ಮಂದಿ ಒಂದೊಂದು ಅಂತಾರ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಪ್ರತಿ ಸಲವೂ ಹೀಗೇ ಹೇಳುತ್ತಿದ್ದರು, ಪ್ರತಿ ಸಲವೂ ನನಗೆ ಏನೋ ಕೆಲಸ ಹಚ್ಚಿ ಹೋಗುತ್ತಿದ್ದರು. ಒಲೆಯ ಮುಂದೆ ಕುಳಿತು ಪಕ್ಕದ ಮನೆಯ ಜೋಗುಳ ಕೇಳಿದೆ. ರಾಯಚೂರಿನಲ್ಲಿ ಕೈಗಡಿಯಾರ ಕಟ್ಟಿಕೊಂಡು, ಚೀಲದಲ್ಲಿ ತಕ್ಕಡಿ ಹಾಕಿಕೊಂಡು ತಿರುಗುವಾಗ ಈ ಒಲೆಯ ಮುಂದಿನ ಹೆಂಗಸನ್ನು ನಾನು ದೇವದುರ್ಗದಲ್ಲೇ ಬಿಟ್ಟು ಹೋಗುತ್ತೇನೆ ಎಂದು ತಿಳಿದಿದ್ದೆ. ಜಿನ್ನಿನ ಹೆಂಗಸರು ಒಂದೇ ಪ್ರಶ್ನೆಯಲ್ಲಿ ಅವಳನ್ನು ಹಿಡಿದಿದ್ದರು. ನಾಚಿಕೆ ಎಷ್ಟಿತ್ತೆಂದರೆ ಯಜಮಾನರಿಗೂ ಜಿನ್ನಿನ ಮಾತು ಹೇಳಲಿಲ್ಲ. ಅನ್ನ ಸೀದ ವಾಸನೆ ಬಂದ ಮೇಲೆ ಎಚ್ಚರವಾಯಿತು.

ಸೋಮವಾರ ಬಿಡುವಿನ ಹೊತ್ತಿಗೆ ಬೇವಿನ ಗಿಡದ ಕೆಳಗೆ ಹೋಗಿ, ಕೂಸಿನ ತಾಯಿಯ ಮುಂದೆ ನಿಂತು ಚಪ್ಪಲಿ ಬಿಟ್ಟೆ.

“ಅವತ್ತ ಮಣ್ಣು ಒಯ್ದಿ. ಇಳಿಸಿದ್ಯಾ?”

ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. “ನೀವು ನೋಡಿಬಿಟ್ರಲ್ರಿ. ನೋಡಿದ್ರ ನಡ್ಯಂಗಿಲ್ಲ. ಚೆಲ್ಲಿದ್ನಿ.”

“ದಿಟ್ಟಿ ಹಾಕಿದವರೇ ಮುಂದ ನಿಂತು ಕೊಟ್ರ ನಡೀತದೇನು?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವಯಸ್ಸಾದ ಒಬ್ಬಾಕೆ, “ನಡೀತದ ಯವ್ವಾ. ಅದಕ್ಕ ಜೋರು ಇನ್ನಾ ಹೆಚ್ಚು” ಎಂದಳು. “ಆದ್ರ ಹಂಗಂತ ಯಾರು ಕೊಡ್ತಾರ?”

“ನಾ ಕೊಡ್ತೀನಿ. ತಗೋರಿ. ಎಲ್ಲಾ ಕೂಸಿಗೂ ಇಳಿಸ್ರಿ, ಖೋಲಿಗೂ ಇಳಿಸ್ರಿ.”

ಬರಿಗಾಲಲ್ಲಿ ಮಣ್ಣಿನ ಮೇಲೆ ಒತ್ತಿ ನಿಂತೆ. ಮುದುಕಿ ನನ್ನ ಕಾಲ ಬಳಿ ಬಗ್ಗಿ ಎರಡೂ ಹೆಜ್ಜೆಯ ಮಣ್ಣು ಬಳಿದುಕೊಂಡಳು. ಕಾಲಿಗೆ ತಗುಲಿದ ಆ ಬೆರಳುಗಳ ಒರಟು ಇನ್ನೂ ನೆನಪಿದೆ. ಯಾರೋ ಅಡುಗೆಯ ಗಂಟಿನಿಂದ ಉಪ್ಪು ಕೊಟ್ಟರು, ಆಯಾ ಒಣಮೆಣಸಿನಕಾಯಿ ತಂದಳು. ಚಹಾದ ಒಲೆಯ ಕೆಂಡವನ್ನು ಅಲ್ಲೇ ಅರಳೆಯ ಪಕ್ಕ ತರಲು ಹೊರಟಾಗ ಮಾತ್ರ ನನ್ನೊಳಗಿನ ಅಧಿಕಾರಿ ಎದ್ದು, ಹತ್ತಿಯ ಹತ್ತಿರ ಬೆಂಕಿ ಬೇಡ, ಗೇಟಿನ ಹೊರಗೆ ನಡೆಯಿರಿ ಎಂದಳು. ಹಾಗಾಗಿ ಎಲ್ಲರೂ ಗೇಟಿನ ಹೊರಗೆ ಹೋದೆವು. ಕಾವಲುಗಾರ, ಹಮಾಲರು, ಹತ್ತಿ ಇಳಿಸಲು ಬಂದ ಚಕ್ಕಡಿಯವರು, ಎಲ್ಲರೂ ನೋಡುತ್ತ ನಿಂತರು. ಮ್ಯಾನೇಜರು ಒಮ್ಮೆ ಬಾಗಿಲಿಗೆ ಬಂದು ಒಳಗೆ ಹೋದರು.

ಮುದುಕಿ ಒಂದೊಂದು ಕೂಸಿಗೂ ಇಳಿಸಿದಳು. “ತಾಯಿ ಕಣ್ಣು, ನಾಯಿ ಕಣ್ಣು, ಬಂದವರ ಕಣ್ಣು” ಎಂದು ಗೊಣಗುತ್ತ, ಎಲ್ಲಿ ಬಂಜೆಯ ಕಣ್ಣು ಎನ್ನಬೇಕೋ ಅಲ್ಲಿ ದನಿ ತಗ್ಗಿಸಿದಳು. ಕೊನೆಗೆ ಮುಷ್ಟಿಯಲ್ಲಿದ್ದುದನ್ನೆಲ್ಲ ಕೆಂಡದ ಮೇಲೆ ಹಾಕಿದಳು. ಉಪ್ಪು ಚಟಚಟ ಸಿಡಿಯಿತು.

ಇನ್ನು ಕಾಯುವುದು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿ ಇರಲಿಲ್ಲ ಎಂದು ಅರ್ಥ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು. ಇದನ್ನು ಅಲ್ಲಿದ್ದ ಹೊಟ್ಟೆಯ ಕೂಸೂ ಬಲ್ಲದು. ಕೆಂಡಕ್ಕೆ ಎಲ್ಲರಿಗಿಂತ ಹತ್ತಿರ ನಿಂತವಳು ನಾನು. ಬಯಲ ಗಾಳಿ ಉಳಿದವರ ಕಡೆಯಿಂದ ನನ್ನ ಕಡೆ ಬೀಸುತ್ತಿತ್ತು. ಹೊಗೆ ನೇರ ನನ್ನ ಮುಖಕ್ಕೆ ಬಂತು, ಬೇರೆ ಯಾರಿಗೂ ಮುಟ್ಟಲಿಲ್ಲ.

ಘಾಟು ಬಂದಿತ್ತು. ಗಂಟಲಿಗೆ ಸೂಜಿ ಚುಚ್ಚಿದಂತಾಯಿತು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು. ಈ ಹೆಂಗಸಿನ ಕಣ್ಣಿನದೇನೂ ತಪ್ಪಿಲ್ಲ ಎಂದು ಅವರದೇ ಶಾಸ್ತ್ರ ಅವರೆದುರೇ ಹೇಳುತ್ತಿತ್ತು. ನಾನು ತಲೆ ಎತ್ತಿ ಗೇಟಿನ ಒಳಗೆ ನಡೆದುಹೋಗಬಹುದಿತ್ತು. ಆದರೆ ಆಮೇಲೆ? ನನ್ನ ಕಣ್ಣಲ್ಲ ಎಂದಾದರೆ ಇನ್ಯಾವುದೋ ಆ ಖೋಲಿಯಲ್ಲಿದೆ ಎಂದಾಗುತ್ತಿತ್ತು. ಕೂಸುಗಳು ಪಟ್ಟಾದ ಬಳಿಯೇ ಉಳಿಯುತ್ತಿದ್ದವು, ಖೋಲಿಗೆ ಕಾಳಿನ ಚೀಲ ಬರುತ್ತಿದ್ದವು. ಕೂಸುಗಳು ಒಳಗೆ ಬರಬೇಕಾದರೆ ಅವರಿಗೆ ನನ್ನ ಕಣ್ಣೇ ಬೇಕಿತ್ತು.

ಹಲ್ಲು ಕಚ್ಚಿ ಹಿಡಿದೆ. ಉಸಿರು ಬಿಗಿಹಿಡಿದು ಕೆಮ್ಮು ನುಂಗಿದೆ. ಮತ್ತೆ ಬಂತು, ಮತ್ತೆ ನುಂಗಿದೆ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಅದನ್ನು ಅಳು ಎಂದು ಅವರು ತಿಳಿದರು. ಅದರಲ್ಲಿ ಅಳುವೂ ಇತ್ತು.

“ನೋಡ್ರಬೇ, ಒಂದೀಟೂ ಘಾಟಿಲ್ಲ” ಎಂದಳು ಮುದುಕಿ. “ಎಷ್ಟು ದಿಟ್ಟಿ ಇತ್ತೋ ಏನೋ ಯವ್ವಾ. ಹೋತು ಬಿಡು.”

ಹೆಂಗಸರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಕೂಸಿನ ತಾಯಿ ಹತ್ತಿರ ಬಂದು ನನ್ನ ಚಪ್ಪಲಿಯನ್ನು ಕಾಲ ಮುಂದೆ ಇಟ್ಟಳು. “ಸಿಟ್ಟಾಗಬ್ಯಾಡ್ರಿ ಅಕ್ಕಾರ” ಎಂದಳು. ನಾನು ತಲೆಯಾಡಿಸಿದೆ, ಬಾಯಿ ತೆರೆದಿದ್ದರೆ ಕೆಮ್ಮು ಹೊರಗೆ ಬರುತ್ತಿತ್ತು. ಗೇಟಿನ ಬಳಿ ನಿಂತಿದ್ದ ಲಾರಿಯೊಂದರ ಹಿಂದೆ ಹೋಗಿ, ಜಿನ್ನು ಮತ್ತೆ ಶುರುವಾಗುವವರೆಗೆ ಕಾದು, ಆ ಸಪ್ಪಳದಲ್ಲಿ ಹೊಟ್ಟೆ ಹಿಡಿದುಕೊಂಡು ಕೆಮ್ಮಿದೆ.

ಮರುದಿನ ಬೆಳಿಗ್ಗೆ ಎಲ್ಲ ಮಕ್ಕಳೂ ಖೋಲಿಗೆ ಬಂದವು. ತಾಮ್ರದ ಹಂಡೆಯ ನೀರು, ಅದೇ ಪುಡಿಹಾಲು, ಯಾರಿಗೂ ಏನೂ ಆಗಲಿಲ್ಲ. ಮಣ್ಣು ಇಳಿಸಿದ್ದರಿಂದ ಗುಣವಾಯಿತು ಎಂದು ಜಿನ್ನಿಗೆಲ್ಲ ಗೊತ್ತಾಯಿತು. ವರದಿಯಲ್ಲಿ ನಾನು ಡ್ರಮ್ಮಿನ ಬಗ್ಗೆ ಬರೆದೆ, ಕಾರ್ಖಾನೆಗಳಲ್ಲಿ ಔಷಧದ ಡಬ್ಬಿ ಬಳಸಬಾರದೆಂದು ಶಿಫಾರಸು ಮಾಡಿದೆ. ಕುದಿಯುವ ನೀರು ಸುರಿದು ಮೂಸಿ ನೋಡದೆ ಯಾವ ಪಾತ್ರೆಗೂ ಆಮೇಲೆ ಅಂಕ ಹಾಕಲಿಲ್ಲ. ತಾಯಂದಿರು ಮರಳಿ ಬಂದದ್ದು ಹೇಗೆ ಎಂಬ ಜಾಗದಲ್ಲಿ ‘ಮನವೊಲಿಸಲಾಯಿತು’ ಎಂದು ಬರೆದೆ. ಮೇಲಧಿಕಾರಿ ಅದರ ಕೆಳಗೆ ಶ್ಲಾಘನೆಯ ಒಂದು ಸಾಲು ಬರೆದರು. ಅದನ್ನು ಓದುವಾಗ ಕಿವಿ ಬಿಸಿಯಾಯಿತು.

ಹಂಗಾಮು ಮುಗಿಯುವವರೆಗೆ ಇನ್ನೂ ಕೆಲವು ಸಲ ಹೋಗಬೇಕಿತ್ತು. ನಾನು ಗೇಟು ದಾಟಿದ ಸುದ್ದಿ ನನಗಿಂತ ಮೊದಲು ಖೋಲಿ ಮುಟ್ಟುತ್ತಿತ್ತು. ಆಯಾ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿ, ಒರೆಸಿ, “ಒಳಗ ಧಗಿ ಭಾಳ ಅದ್ರಿ. ಇಲ್ಲೇ ಕುಂದರ್ರಿ, ಏನು ಬೇಕು ಎಲ್ಲಾ ತಂದು ತೋರಸ್ತೀನಿ” ಎನ್ನುತ್ತಿದ್ದಳು. ಹಾಲಿನ ಡಬ್ಬಿ, ಲೋಟ, ಔಷಧದ ಪೆಟ್ಟಿಗೆ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಕೂಸುಗಳನ್ನು ಅವಳೇ ತೂಗಿ ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಚಹಾ, ಮರ್ಯಾದೆ, ಯಾವುದಕ್ಕೂ ಕೊರತೆ ಇರಲಿಲ್ಲ. ದೃಷ್ಟಿ ಹೋಯಿತು ಎಂದವರು ಅದು ಮತ್ತೆ ಬರಲಾರದು ಎಂದು ಹೇಳಿರಲಿಲ್ಲವಲ್ಲ.

ಕೊನೆಯ ಭೇಟಿಯ ದಿನ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೆ. ಆಯಾ ಒಳಗೆ ಹಾಲು ಕಲಸುತ್ತಿದ್ದಳು. ಸೀರೆಯ ನೆರಿಗೆ ಯಾರೋ ಜಗ್ಗಿದಂತಾಯಿತು. ನೋಡಿದರೆ ಅದೇ ಕೂಸು. ಮತ್ತೆ ದುಂಡಗಾಗಿತ್ತು. ಹೊಸ್ತಿಲು ಹತ್ತಿ ಇಳಿದು, ನನ್ನ ನೆರಿಗೆ ಹಿಡಿದು ಎದ್ದು ನಿಂತಿತ್ತು. ಕಾಲು ನಡುಗುತ್ತಿದ್ದವು. ಬಹುಶಃ ಅದು ಮೊದಲ ಸಲ ನಿಂತದ್ದು. ನನ್ನ ಮೂಗುತಿಗೆ ಒಂದು ಕೈ ಚಾಚಿ ನಕ್ಕಿತು.

ಅಂಗಳದಾಚೆ ಜಿನ್ನಿನ ಬಾಗಿಲಲ್ಲಿ ಅದರ ತಾಯಿ ನಿಂತಿದ್ದಳು. ಕೂದಲ ತುಂಬ ಅರಳೆ. ಕೂಗಲಿಲ್ಲ, ಓಡಿ ಬರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ನಾನು ಎರಡೂ ಕೈ ಮೇಲೆತ್ತಿ ಹಿಡಿದುಕೊಂಡೆ, ಮುಖ ಬೇರೆ ಕಡೆ ತಿರುಗಿಸಿದೆ.

“ಆಯವ್ವಾ” ಎಂದು ಕರೆದೆ, “ಕೂಸು ಹೊರಗ ಬಂದದ. ಒಳಗ ಕರ್ಕೋ.”

ಅವಳು ಬಂದು ಎತ್ತಿಕೊಂಡು ಹೋದಳು. ನೆರಿಗೆಯಿಂದ ಅದರ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ತಾಯಿ ಒಳಗೆ ತಿರುಗಿದಳು. ನಾನು ಪೆನ್ನು ತೆಗೆದು ಸುರಕ್ಷತೆಯ ಕೆಳಗೆ ಬರೆದೆ: ಮಕ್ಕಳು ಹೊರಗೆ ಬರದಂತೆ ಬಾಗಿಲಿಗೆ ಮೊಳದೆತ್ತರದ ಅಡ್ಡಹಲಗೆ ಹಾಕಿಸತಕ್ಕದ್ದು.